ದವಾಖಾನಿಗೆ ಒಂದs ಗಾಡಿ

ಬೆಂಗಳೂರು, ಮಂಗಳವಾರ

ಭೀಮಶಿ ಅಣ್ಣಗ ದುರ್ಗಾನ ನಮಸ್ಕಾರ.

ಅವ್ವನ ಕಣ್ಣಿನ ಆಪರೇಷನ್ ಛಲೋ ಆತು. ಮೊದಲ ಮಾತ್ರ ಭಾಳ ಕಾಡಿದ್ಲು. ತಪಾಸಣಿಗೆ ದಿನಾ ಮೊಬೈಲಿನಾಗ ಗಾಡಿ ಕರಸಬೇಕಿತ್ತು. ಬಾಡಿಗಿ ಕೇಳಿ, "ಕಣ್ಣೂ ಬ್ಯಾಡ, ಏನೂ ಬ್ಯಾಡ, ಬಮ್ಮಿಗಟ್ಟಿಗೆ ಹೋಗೂಣು ನಡಿಬೇ" ಅಂತ ಗಂಟು ಕಟ್ಟಾಕ ಕುಂತ್ಲು.

ನಾವು ಇಳಕೊಂಡ ಛತ್ರದಾಗ ಬಾಜೂ ಖೋಲಿಯೊಳಗ ಇದ್ದ ಕೋಲಾರದ ಮುನಿಯಮ್ಮ ಅದನ್ನ ಕೇಳಿ, "ನಾನೂ ಅದೇ ಆಸ್ಪತ್ರೆಗೆ ಹೋಗೋದು. ಒಂದೇ ಗಾಡೀಲಿ ಹೋಗೋಣ ಬನ್ನಿ ಅಕ್ಕ" ಅಂದ್ರು. ಮುಂಜಾನಿ ಗದ್ದಲ ಶುರು ಆಗೂದ್ರೊಳಗ ಕರಸಿದ್ರ ಬಾಡಿಗಿ ಇನ್ನೂ ಕಡಿಮಿ ಅಂತ ಅವರs ಹೇಳಿಕೊಟ್ರು. ಅರ್ಧಕ್ಕರ್ಧ ಉಳೀತು, ಅವ್ವ ಊರಿನ ಮಾತು ಬಿಟ್ಲು. ದಾರಿಯುದ್ದಕ್ಕೂ ಇಬ್ಬರದೂ ಮಾತು, ನಗಿ.

ನಿನ್ನೆ ಪಟ್ಟಿ ಬಿಚ್ಚಿದ ಮ್ಯಾಲೆ ಅವ್ವ ಮುನಿಯಮ್ಮನ ಮಾರಿ ನೋಡಿ, "ಇಷ್ಟ ಸಣ್ಣಾಕಿ ಏನಬೇ ನೀ? ನನ್ನ ವಾರಿಗಿ ಅಂತ ತಿಳಿದಿದ್ನೆಲ್ಲ!" ಅಂದ್ಲು.

ಉಳಿದ ರೊಕ್ಕದಾಗ ಹಗಲ ರೈಲಿಗೆ ಕಿಟಕಿ ಬಾಜೂ ಟಿಕೀಟ ತಗಸೇನಿ. ದಾರಿ ಎಲ್ಲಾ ನೋಡಬೇಕಂತ ಆಕಿಗೆ. ಶುಕ್ರವಾರ ಸಂಜಿಗೆ ಹುಬ್ಬಳ್ಳಿ ಸ್ಟೇಷನ್ನಿಗೆ ಬಾ. ನಾವು ಕಂಡ್ರೂ ಕೂಗಬ್ಯಾಡಣ್ಣ, ಸುಮ್ಮನ ನಿಂತಿರು. ಅಷ್ಟ ಮಂದ್ಯಾಗ ನಿನ್ನ ತಾನs ಹುಡುಕತೀನಿ ಅಂದಾಳ ಅವ್ವ.

ನಿನ್ನ ತಂಗಿ,
ದುರ್ಗಾ