ಮಾಡುವವರೆಗೂ ಪುಟ ತಿರುಗಿಸಬಾರದು

ಜೂನ್ 3, ಸಂಜೆ
ಇವತ್ತಿನ ವಾಕ್ಯ: ಯಾರನ್ನೂ ಮೂರ್ಖ ಎನ್ನಬೇಡ. ಎಂಟಂತಸ್ತಿನ ಕಟ್ಟಡಕ್ಕೆ ಲಿಫ್ಟ್ ರಿಪೇರಿಗೆ ಹೋಗಿದ್ದೆ. ವಾಚ್‌ಮನ್ ಲಿಫ್ಟ್ ಬಾಗಿಲು ಮುಚ್ಚದಂತೆ ಸಂದಿಗೆ ಚಪ್ಪಲಿ ತುರುಕಿ ಬೀರು ಸಾಗಿಸಿದ್ದಾನೆ. ಬಾಗಿಲು ಸೊಟ್ಟ. ಬೈಗುಳ ನಾಲಿಗೆ ತುದಿಗೆ ಬಂತು. ನುಂಗಿದೆ. “ಯಾಕ್ ಸಾರ್, ಮೈಯಲ್ಲಿ ಹುಷಾರಿಲ್ವಾ?” ಎಂದು ಅವನೇ ಕೇಳಿದ.

ಪಾಸ್ಟರ್ ಹೇಳಿಕೊಟ್ಟ ಪ್ರಯೋಗ ಇದು. “ದಿನಾ ಬೈಬಲಿನ ಒಂದು ಭಾಗ ಓದಿ. ಓದಿದ್ದನ್ನ ಮಾಡಿ. ಮಾಡೋವರೆಗೂ ಪುಟ ತಿರುಗಿಸ್ಬೇಡಿ. ಏನಾಗುತ್ತೆ ನೋಡೋಣ.” ಮೂವತ್ತು ವರ್ಷ ಚರ್ಚಿನ ಸಭೆಗೆ ಹೋಗಿದ್ದೇನೆ. ವಿಧೇಯತೆ ಎಂದರೆ ತಲೆಯಾಡಿಸುವುದು ಎಂದುಕೊಂಡಿದ್ದೆ. ಮಾಡಿ ನೋಡಿದರೆ ಬೇರೆಯೇ. ಮಜವಾಗಿದೆ.

ಜೂನ್ 4, ಬೆಳಗ್ಗೆ 6
ಇವತ್ತಿನ ವಾಕ್ಯ: ಕಾಣಿಕೆ ಕೊಡಲು ಬಂದಾಗ, ಒಡಹುಟ್ಟಿದವರಿಗೆ ನಿನ್ನ ಮೇಲೆ ದೂರು ಇದೆ ಎಂದು ನೆನಪಾದರೆ ಅದನ್ನು ಅಲ್ಲೇ ಬಿಟ್ಟು ಹೋಗು. ಮೊದಲು ಸಮಾಧಾನ ಮಾಡಿಕೋ.
ನನಗಿರುವುದು ಒಬ್ಬಳೇ ಅಕ್ಕ. ಅವಳಿಗೆ ನನ್ನ ಮೇಲೆ ಯಾವ ದೂರೂ ಇಲ್ಲ. ಪಾಸ್. ನಾಳೆ ಮುಂದಿನದು.

ಅದೇ ದಿನ, ಮಧ್ಯಾಹ್ನ
ದೂರು ಇಲ್ಲ, ಸರಿ... ಯಾಕಿಲ್ಲ?

ಜೂನ್ 9
ಐದು ದಿನದಿಂದ ಅದೇ ಪುಟ. ಹೆಂಡತಿ ಸುಮ್ಮನೆ, “ಅಕ್ಕನ ಹತ್ರ ಮಾತಾಡಿದ್ರಾ?” ಎಂದಳು. ಕೈಯಲ್ಲಿದ್ದ ಲೋಟ ಜಾರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಬರೆದೇ ಬಿಡುತ್ತೇನೆ. ಅಮ್ಮ ಹೋದ ದಿನ ಅಕ್ಕನಿಗೆ ನಾನು ಫೋನ್ ಮಾಡಲೇ ಇಲ್ಲ. “ಮಾಡಿದ್ದೆ, ನಿನ್ನ ಫೋನ್ ಆಫ್ ಇತ್ತು” ಎಂದು ಆಮೇಲೆ ಅವಳಿಗೆ ಹೇಳಿದೆ. ನಂಬಿದಳು. ಆರು ವರ್ಷದಿಂದ ಫೋನ್ ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾಳೆ. ಕೋಣೆಗೊಂದು ಚಾರ್ಜರ್. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಯಾಕೆ ಮಾಡಲಿಲ್ಲ? ಹೊಟ್ಟೆಕಿಚ್ಚು, ಮತ್ತೇನು. ನಾಲ್ಕು ವರ್ಷ ಅಮ್ಮನ ಮಲ, ಮೂತ್ರ ಬಳಿದವನು ನಾನು. ಅಮ್ಮ ಕೇಳುತ್ತಿದ್ದುದು ಅವಳನ್ನು. ಕೊನೆಯ ಒಂದು ದಿನವಾದರೂ ಅಮ್ಮ ನನಗೊಬ್ಬನಿಗೇ ಇರಲಿ ಎನಿಸಿತು.

ಜೂನ್ 10
ಪಾಸ್ಟರಿಗೆ ಎಲ್ಲ ಹೇಳಿದೆ. “ದೇವರ ಹತ್ರ ಕ್ಷಮೆ ಕೇಳಿದ್ದೀನಿ, ಸಾಕಲ್ವಾ?” ಎಂದೆ.
“ವಾಕ್ಯದಲ್ಲಿ ಏನಿದೆ?”
“ಹೋಗು ಅಂತಿದೆ.”
“ಮತ್ತೆ ಇಲ್ಲೇನ್ ಮಾಡ್ತಿದ್ದೀರಿ?”
ಮಹಾ ಜಿಗಣೆ ಮನುಷ್ಯ.

ಜೂನ್ 13
ಇವತ್ತು ಒಂದು ವಿಚಿತ್ರ. ನಮ್ಮಲ್ಲಿ ರಿಪೇರಿಗೆ ಇಳಿಯುವವನು, ಬೇರೆ ಯಾರೂ ಕರೆಂಟ್ ಹಾಕದಿರಲೆಂದು, ಮೇನ್ ಸ್ವಿಚ್ಚಿಗೆ ತನ್ನ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಳ್ಳುತ್ತಾನೆ. ನನ್ನ ಜೊತೆಯವನು ನಿನ್ನೆ ಬೀಗ ತೆಗೆಯದೆ ಮನೆಗೆ ಹೋಗಿಬಿಟ್ಟಿದ್ದ. ಲಿಫ್ಟ್ ಬಂದ್. ಕಟ್ಟಡದ ಸೆಕ್ರೆಟರಿ ಕೂಗಾಡಿದ: “ಒಡೀರಿ ಆ ಬೀಗ.” “ಆಗಲ್ಲ ಸಾರ್. ಹಾಕಿದವನೇ ಬಂದು ತೆಗೀಬೇಕು” ಎಂದೆ. ಎಂದವನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಮಾತು ನನಗೇ ಬಡಿದಿತ್ತು.

ಅರ್ಧ ದಿನ ರಜೆ. ಅಕ್ಕನ ಮನೆಗೆ ಹೋಗುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಭಯ. ಬೇರೆ ಅಕ್ಕ ಇಲ್ಲ ನನಗೆ.

ಜೂನ್ 14
ಹೇಳಿದೆ. ಅಡುಗೆಮನೆಯಲ್ಲಿ ನಿಂತೇ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: “ಅಮ್ಮ ನನ್ನನ್ನ ಕೇಳಿದ್ಲಾ?”
ನಿದ್ದೆಯಲ್ಲೇ ಹೋದಳು ಎಂದು ಆಗ ಹೇಳಿದ್ದೆ. ಅದೂ ಸುಳ್ಳು. “ಮೂರು ಸಲ” ಎಂದೆ.
ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆ ಕಾದೆ. ಭಾವ ಬಸ್‌ಸ್ಟಾಪಿನವರೆಗೆ ಬಂದರು.
ಮಾಡಿದ್ದಾಯಿತೋ, ಇಲ್ಲವೋ? ಹೋಗು ಎಂದಿತ್ತು, ಹೋದೆ. ಸಮಾಧಾನ ಎಲ್ಲಿ? ಪುಟ ತಿರುಗಿಸಿಲ್ಲ.

ಜೂನ್ 18, ಬೆಳಗ್ಗೆ 7
ಅಕ್ಕ ಬಂದಿದ್ದಾಳೆ. ಕಣ್ಣು ಊದಿಕೊಂಡಿದೆ. “ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಅವತ್ತು ಅಮ್ಮ ಆಡಿದ ಮಾತೆಲ್ಲ ನನಗೆ ಬೇಕು. ಬರ್ಕೊಡು. ಒಂದೂ ಬಿಡ್ಬೇಡ.” ಕೈಗೆ ಸಿಕ್ಕಿದ್ದು ಇದೇ ಪುಸ್ತಕ. ಎದುರಿಗೇ ಕೂತಿದ್ದಾಳೆ.

ಅವತ್ತು ಬೆಳಗ್ಗೆ ಆರೂವರೆ. ಅಮ್ಮ ಕಣ್ಣು ಬಿಟ್ಟಳು. “ದೊಡ್ಡವಳು ಬಂದ್ಲೇನೋ?” ಎಂದಳು. ಇಲ್ಲಮ್ಮ ಎಂದೆ. “ಬರ್ತಾಳೆ. ಬಾಗಿಲು ಹಾಕ್ಬೇಡ. ನಾನು ಅಷ್ಟರಲ್ಲಿ ಹೋಗಿಬಿಟ್ರೆ ಅವಳಿಗೆ ಹೇಳು—” ಇಲ್ಲಿಗೆ ಪುಟ ಮುಗಿಯಿತು; ತಿರುಗಿಸುತ್ತಿದ್ದೇನೆ.