ಗೆರೆಯ ಕೆಳಗಿನ ಹೆಸರು

ಮಾರ್ಚ್ 9, ಭಾನುವಾರ

ಚರ್ಚಿನಿಂದ ಬಂದು, ಕೋಳಿ ತಿಂದು, ಕೈ ಒರೆಸಿಕೊಂಡು ಸಭೆ. ಸ್ಥಳ: ಟೊಲೀಡೊ, ಅಜ್ಜಿಯ ಊಟದ ಮೇಜು. ಅಧ್ಯಕ್ಷತೆ: ಅಪ್ಪನ ಅಕ್ಕ, ಶ್ರೀಮತಿ ಅರ್ನೆಸ್ಟೀನ್ ಅತ್ತೆಯವರು. ಕಾರ್ಯದರ್ಶಿ: ನಾನು, ಡೆಲ್ಫೀನ್ ಫ್ರೇಜಿಯರ್, ವಯಸ್ಸು ಹದಿನಾರು. ಹಿಂದಿನ ಕುಟುಂಬ ಕೂಟದಲ್ಲಿ ಅತ್ತೆಯ ಆಲೂಗಡ್ಡೆ ಸಲಾಡಿನ ಪಾತ್ರೆಗೆ ‘ವೈದ್ಯರ ಸಮ್ಮುಖದಲ್ಲಿ ಮಾತ್ರ ಸೇವಿಸಿ’ ಎಂದು ಚೀಟಿ ಅಂಟಿಸಿದ್ದೆ. ಅದಕ್ಕೆ ಶಿಕ್ಷೆಯಾಗಿ ಈ ಪದವಿ.

ವಿಷಯ: ಜುಲೈಯ ಕುಟುಂಬ ಕೂಟಕ್ಕೆ ಇಡೀ ವಂಶ ದಕ್ಷಿಣದ ಚಾರ್ಲ್ಸ್‌ಟನ್‌ಗೆ. ಅರವತ್ತೆರಡು ಜನ. ಅಜ್ಜಿ ಒಂಬತ್ತನೇ ವಯಸ್ಸಿಗೆ ಬಿಟ್ಟು ಬಂದ ಊರು.

ಅತ್ತೆ ಫೋನಿನಲ್ಲಿ ಚಿತ್ರ ತೋರಿಸಿದರು. ಗುಲಾಮರನ್ನು ದುಡಿಸಿದ ಕಾಲದ ತೋಟದ ಬಿಳಿ ಕಂಬದ ಬಂಗಲೆ, ಸುತ್ತ ಓಕ್ ಮರ. “ಇಲ್ಲೇ ಉಳ್ಕೊಳ್ಳೋಣ. ಎಷ್ಟು ಚೆನ್ನಾಗಿದೆ ನೋಡಮ್ಮಾ.”

ಅಜ್ಜಿ ಕನ್ನಡಕ ಏರಿಸಿದಳು. “ಆ ಕಂಬ ನಿಲ್ಸಿದೋರು ನಮ್ಮೋರು ಕಣೇ. ಅದರ ಕೂಲಿನೇ ಇನ್ನೂ ಬಂದಿಲ್ಲ, ಈಗ ಬಾಡಿಗೆ ಬೇರೆ ಕೊಡ್ಬೇಕಾ?”

ಬಂಗಲೆ ರದ್ದು. ಹೆದ್ದಾರಿ ಪಕ್ಕದ ಹೋಟೆಲ್ ಅಂಗೀಕಾರ.

ಮಾರ್ಚ್ 23, ಭಾನುವಾರ

ಕೂಟದಲ್ಲಿ ಎಲ್ಲರೂ ತೊಡುವ ಒಂದೇ ಥರದ ಶರ್ಟಿನ ಚರ್ಚೆ. ಬಣ್ಣ ನೇರಳೆ — ಒಂದು ಗಂಟೆ ಜಗಳದ ನಂತರ. ಬೆನ್ನಿನ ಮೇಲೆ ಎಂದಿನಂತೆ ಮನೆ ಮನೆಯಾಗಿ ಎಲ್ಲರ ಹೆಸರು. ಕೆಳಗೊಂದು ಗೆರೆ. ಗೆರೆಯ ಕೆಳಗೆ ತೀರಿಕೊಂಡವರು, ಒಬ್ಬೊಬ್ಬರಿಗೂ ದೇವದೂತರ ಪುಟ್ಟ ರೆಕ್ಕೆ.

ಅಜ್ಜಿ ಆಗಲೇ ಸೋಫಾದಲ್ಲಿ ಗೊರಕೆ. ನಮ್ಮ ಮನೆಯ ಸಾಲು ಓದಿದೆ: “ರಾಯ್ಸ್, ಕೋರಿನ್, ಡೆಲ್ಫೀನ್.”

“ಕೋರಿನ್ ತೆಗಿ,” ಎಂದರು ಅತ್ತೆ.

“ಅಮ್ಮನ್ನಾ?”

“ಎರಡು ವರ್ಷದ ಹಿಂದೆ ಸೂಟ್‌ಕೇಸ್ ಎತ್ಕೊಂಡು ಕ್ಲೀವ್‌ಲ್ಯಾಂಡಿಗೆ ಹೋದ್ಳಲ್ಲ ಮಹಾರಾಣಿ. ಅಲ್ಲೇ ಹಾಕಿಸ್ಕೊಳ್ಲಿ ಶರ್ಟು.”

ಅಪ್ಪನನ್ನು ನೋಡಿದೆ. ಅಪ್ಪ ತಟ್ಟೆಯ ತಳ ಕೆರೆಯುತ್ತಿದ್ದ. ತಳದಲ್ಲಿ ಏನೂ ಇರಲಿಲ್ಲ.

ನಿರ್ಣಯ ಸರ್ವಾನುಮತದಿಂದ ಅಂಗೀಕಾರ. ಕಾರ್ಯದರ್ಶಿಗೆ ಮತವಿಲ್ಲ.

ಏಪ್ರಿಲ್ 12

ಅಮ್ಮನಿಗೆ ಫೋನ್. ಬಸ್ ಡಿಪೋದಲ್ಲಿದ್ದಳು, ಪಾಳಿ ಮುಗಿಸಿ. ಅಲ್ಲಿ ಬಸ್ ಓಡಿಸುತ್ತಾಳೆ.

“ಜುಲೈಗೆ ಬಾಮ್ಮಾ. ಎರಡೇ ದಿನ.”

“ಯಾವ ಮುಖ ಇಟ್ಕೊಂಡು ಬರ್ಲೇ? ನಿಮ್ಮತ್ತೆ ಶರ್ಟ್ ಮೇಲೆ ನನ್ನ ಹೆಸರು ಹಾಕ್ಸಿದಾಳಾ?”

“ಹಾಕ್ಸಿದ್ರೆ?”

“ಹಾಕ್ಸಿದ್ರೆ ಬರ್ತೀನಿ. ರಜಾ ಹಾಕಿ ಬರ್ತೀನಿ. ನನ್ನನ್ನ ಲೆಕ್ಕಕ್ಕೆ ಇಟ್ಕೊಂಡಿದಾರೆ ಅಂತಾದ್ರೂ ಆಗುತ್ತಲ್ಲ.”

“ಹೆಸರು ಇರುತ್ತೆ.”

“ತಮಾಷೆ ಮಾಡ್ಬೇಡ ಡೆಲ್ಫೀನ್.”

“ಇಲ್ಲಮ್ಮ. ದೇವರಾಣೆ.”

ಮೇ 30, ಶುಕ್ರವಾರ, ಸಂಜೆ 4

ಅತ್ತೆ ಪಟ್ಟಿಯನ್ನು ಮೂರು ಸಲ ಓದಿ ಒಪ್ಪಿಗೆ ಕೊಟ್ಟರು. ಮುದ್ರಣದವರಿಗೆ ಕಳಿಸುವ ಘನ ಜವಾಬ್ದಾರಿ ನನ್ನದು. ಕಳಿಸುವ ಮೊದಲು ಒಂದು ಸಾಲು ಸೇರಿಸಿದೆ. ನಮ್ಮ ಮನೆಯ ಸಾಲಿಗೆ ಹಾಕಿದರೆ ಅತ್ತೆಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಕೆಳಗೆ, ಎರಡು ಸಾಲು ಜಾಗ ಬಿಟ್ಟು, ಒಬ್ಬಳನ್ನೇ:

ಕೋರಿನ್ ಫ್ರೇಜಿಯರ್.

ನನ್ನ ಬದುಕಿನ ಅತ್ಯುತ್ತಮ ಕಿತಾಪತಿ. ಇತಿಹಾಸ ಇದನ್ನು ನೆನೆಯಲಿ.

ಜೂನ್ 21, ಶನಿವಾರ

ಪೆಟ್ಟಿಗೆಗಳು ಬಂದವು. ಅತ್ತೆ ಒಂದು ಶರ್ಟ್ ಎತ್ತಿ, ಬೆನ್ನಿನ ಫೋಟೊ ಹೊಡೆದು, ಓದದೆಯೇ ಇಡೀ ವಂಶಕ್ಕೆ ಕಳಿಸಿದರು. ಓದಿದ್ದು ಅಜ್ಜಿ, ಭೂತಕನ್ನಡಿ ಹಿಡಿದು.

“ಅಯ್ಯೋ ದೇವರೇ. ಕೋರಿನ್ ಯಾವಾಗ ಹೋದ್ಳು? ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

ಮುದ್ರಣದವರು ನನ್ನ ಎರಡು ಸಾಲಿನ ಜಾಗವನ್ನು ಮುಚ್ಚಿದ್ದರು. ಗೆರೆಯ ಕೆಳಗಿದ್ದವರಿಗೆಲ್ಲ ರೆಕ್ಕೆ ಹಚ್ಚಿದ್ದರು. ಅಮ್ಮನಿಗೂ. ತಾತನ ಪಕ್ಕದಲ್ಲೇ.

ಅಜ್ಜಿ ಅಳುತ್ತಲೇ ಇದ್ದಳು. “ಸತ್ತಿಲ್ಲ ಅಜ್ಜಿ, ಬಸ್ ಓಡಿಸ್ತಿದಾಳೆ,” ಎಂದೆ. ನಂಬಲಿಲ್ಲ.

ಅತ್ತೆ ನನ್ನನ್ನೇ ನೋಡಿದರು. “ಸಲಾಡ್ ಆಯ್ತು, ಈಗ ಸಾವಾ? ಹೆತ್ತ ತಾಯಿನೇ? ಯಾವ ಜನ್ಮದ ಚೇಷ್ಟೆನೇ ಇದು?”

“ಚೇಷ್ಟೆ ಅಲ್ಲ ಅತ್ತೆ...”

ನಾನು ಹಾಗೆಂದಾಗ ಯಾರೂ ನಂಬಿದ ದಾಖಲೆ ಇಲ್ಲ.

ಅದೇ ದಿನ, ಸಂಜೆ 6

ಯಾರೋ ಅಮ್ಮನಿಗೂ ಫೋಟೊ ಕಳಿಸಿದ್ದಾರೆ. ಫೋನ್ ಬಂತು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಹೆಸರು ಇರುತ್ತೆ ಅಂದಿದ್ದೆ. ಇದೆ.”

“ಅಮ್ಮ, ಅದು ತಪ್ಪಾಗಿ... ನಾನು ಜಾಗ ಬಿಟ್ಟಿದ್ದೆ...”

“ನೀನೇನಾ ಹಾಕಿದ್ದು?”

“ಹೂಂ. ಆದ್ರೆ...”

“ನಿಮ್ಮತ್ತೆ ಅಂದ್ಕೊಂಡಿದ್ದೆ. ಅವಳಾಗಿದ್ರೆ ಒಂದು ಕೈ ನೋಡ್ಕೊಳ್ತಿದ್ದೆ.” ಆಮೇಲೆ, “ರಜಾ ವಾಪಸ್ ತಗೋತೀನಿ ಬಿಡು.”

ಜೂನ್ 28, ಶನಿವಾರ, ಮಧ್ಯಾಹ್ನ

ಒಂದು ವಾರ ಬರೆಯಲಿಲ್ಲ. ಅಮ್ಮ ಫೋನ್ ಎತ್ತುತ್ತಿಲ್ಲ.

ಹೊಸ ಶರ್ಟಿಗೆ ಸಮಯವಿಲ್ಲ. ಸಭೆಯ ತೀರ್ಪು: ಕಾರ್ಯದರ್ಶಿ ಸ್ವಹಸ್ತದಿಂದ, ಕಪ್ಪು ಮಾರ್ಕರಿನಿಂದ, ಪ್ರತಿ ಶರ್ಟಿನ ಮೇಲೂ ಆ ಸಾಲನ್ನು ಬಳಿಯತಕ್ಕದ್ದು. ಅರವತ್ತೆರಡು ಸಲ.

ಬಳಿಯುತ್ತಿದ್ದೇನೆ. ಮಸಿಯ ವಾಸನೆಗೆ ತಲೆ ಸಿಡಿಯುತ್ತಿದೆ. ಅಮ್ಮನ ಹೆಸರಿನ ಮೊದಲ ಅಕ್ಷರ ಸುಲಭಕ್ಕೆ ಮುಚ್ಚುವುದಿಲ್ಲ.

3 ಗಂಟೆ

ಅಪ್ಪ ಗ್ಯಾರೇಜಿಗೆ ಬಂದ. ಎದುರಿಗೆ ಕೂತು ಇನ್ನೊಂದು ಮಾರ್ಕರ್ ಎತ್ತಿಕೊಂಡ. ಸಹಾಯಕ್ಕಂತೆ. ನನಗಿಂತ ನೀಟಾಗಿ ಬಳಿಯುತ್ತಾನೆ, ಅಂಚು ದಾಟದಂತೆ. ಐದಾರು ಶರ್ಟ್ ಆದ ಮೇಲೆ ತಲೆಯೆತ್ತದೆ ಕೇಳಿದ:

“ಬರ್ತಿದ್ಳಾ?”

“ಬರ್ತಿದ್ಳು. ಹೆಸರು ಒಂದಿದ್ರೆ ಸಾಕು ಅಂದಿದ್ಳು.”

ಅಪ್ಪ ಮಾರ್ಕರಿಗೆ ಮುಚ್ಚಳ ಹಾಕಿದ. ಅವತ್ತು ಶರ್ಟಿನ ಸಭೆಯಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತಲ್ಲಪ್ಪಾ ಎನ್ನಬೇಕು ಎಂದು ಬಾಯಿ ತೆರೆದೆ.

ಅವನು ಮುಚ್ಚಳ ತೆಗೆದ. ಮುಂದಿನ ಶರ್ಟ್ ಎಳೆದುಕೊಂಡ. ಬೆರಳಿನಿಂದ ಗೆರೆಯ ಕೆಳಗೆ ಹುಡುಕಿ, ಅಮ್ಮನ ಹೆಸರಿನ ಮೇಲೆ ಅಂಚು ದಾಟದಂತೆ ಮಸಿ ಬಳಿದ.

ನಾನು ಇನ್ನು ಬರೆಯಲಾರೆ.