ಅಡುಗೆಮನೆಯವರೆಗೂ ಟೋಪಿ

ಅಕ್ಟೋಬರ್ 19, ಭಾನುವಾರ

ಆ ಟೋಪಿಯ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ.

ಮಧ್ಯಾಹ್ನ ನಮ್ಮ ಜಿಲ್ಲೆಯ ಪೊಲೀಸ್ ಮುಖ್ಯಸ್ಥನಾಗಿದ್ದ ನಿವೃತ್ತ ಷರೀಫ್ ಆರ್ವಲ್ ಹಾಗೆನ್ ಮನೆಯಲ್ಲಿ ಷರೀಫನೊಬ್ಬನ ಕುರಿತ ಟಿವಿ ಧಾರಾವಾಹಿಯ ನಾಲ್ಕನೇ ಸೀಸನ್ನಿನ ಕೊನೆಯ ಕಂತು ನೋಡುತ್ತಿದ್ದೆವು. ಆರ್ವಲ್ ಜಾಗಕ್ಕೆ ಹೊಸ ಷರೀಫ್ ಆಗಿ ಬಂದ ಡೇನಾ ಕೂಡ ಇದ್ದಳು.

"ನೋಡೇ, ಹತ್ತು ಕಂತಾಯ್ತು, ಈ ಟಿವಿ ಷರೀಫನ ಬೂಟಿಗೆ ಒಂದ್ ಸಲಾನೂ ಸಗಣಿ ಹತ್ಲಿಲ್ಲ," ಎಂದು ಆರ್ವಲ್ ಅವಳಿಗೆ ಗೊಣಗುತ್ತಿದ್ದ.

ಪರದೆಯ ಮೇಲಿನ ಷರೀಫ್ ಸಾವಿನ ಸುದ್ದಿ ಹೇಳಲು ಗೇಟಿನಲ್ಲೇ ಟೋಪಿ ತೆಗೆದು ನಡೆದ. ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಡೇನಾಗೆ ಫೋನ್ ಬಂತು. ನಮ್ಮೂರಿನ ರೈತ ಮರ್ಲ್ ಸ್ಟ್ರೌಡ್ ಟ್ರ್ಯಾಕ್ಟರ್ ಮಗುಚಿ ಸತ್ತಿದ್ದ. ಹೆಂಡತಿ ಲೋರ್ನಾಗೆ ತಿಳಿಸಬೇಕು. ಇಂಥ ಕೆಲಸ ಡೇನಾಗೆ ಇದೇ ಮೊದಲು. ಟೋಪಿಯನ್ನು ಎದೆಗೊತ್ತಿಕೊಂಡು ಹೊರಟಳು. ಆರ್ವಲ್ ಎದ್ದು ಅದನ್ನು ಕಿತ್ತುಕೊಂಡು ಅವಳ ತಲೆಯ ಮೇಲಿಟ್ಟ.

"ಅಡುಗೆಮನೇಲಿ ಕೂತ್ಮೇಲೆ ತೆಗಿ, ಮಗಳೇ. ಅಂಗಳದಲ್ಲೇ ತೆಗೆದ್ರೆ ಲೋರ್ನಾಗೆ ಕಿಟಕಿಯಿಂದ ಕಾಣ್ಸುತ್ತೆ, ಸಾವಿನ ಸುದ್ದಿ ಅಂತ ಗೊತ್ತಾಗ್ಬಿಡುತ್ತೆ. ಆಮೇಲೆ ಬಾಗಿಲು ತೆಗೆಯೋವರೆಗೂ ಅವಳೊಬ್ಬಳೇ ಅದನ್ನ ಹೊರಬೇಕು."

ಎರಡು ಗಂಟೆ ಬಿಟ್ಟು ಡೇನಾ ಮರಳಿದಳು. "ಲೋರ್ನಾ ನಗ್ತಾನೇ ಬಾಗಿಲು ತೆಗೆದ್ಲು. 'ಏನೇ, ನಮ್ಮ ದನ ಮತ್ತೆ ಹೆದ್ದಾರಿಗೆ ಬಂದ್ವಾ?' ಅಂದ್ಲು. ಕೈ ಹಿಡಿದು ಕೂರಿಸ್ದೆ. ಆಮೇಲೆ ಟೋಪಿ ತೆಗ್ದು ಹೇಳ್ದೆ," ಎಂದು ಅತ್ತಳು. ಆರ್ವಲ್ ಟಿವಿ ಆರಿಸಿದ.

ಮೂವತ್ತೊಂದು ವರ್ಷ ನಮ್ಮ ವಾರಪತ್ರಿಕೆಯಲ್ಲಿ 'ಷರೀಫರು ಕುಟುಂಬಕ್ಕೆ ವಿಷಯ ತಿಳಿಸಿದರು' ಎಂದು ಒಂದೇ ಸಾಲು ಬರೆದಿದ್ದೇನೆ. ಅದರೊಳಗೆ ಇಷ್ಟೊಂದು ಇತ್ತೇ? ಆರ್ವಲ್ ಎಷ್ಟು ಅಡುಗೆಮನೆಗಳಲ್ಲಿ ಹಾಗೆ ಕೂತಿದ್ದನೋ.

ಮರ್ಲ್‌ನ ಸುದ್ದಿ ಬರೆಯಬೇಕು. ಆ ಸಾಲು ಬರೆದೆ, ಹೊಡೆದು ಹಾಕಿದೆ. ಬೇರೆ ಹೇಗೆ ಬರೆಯುವುದು?